ಹೀಟರ್ ಕೊಳ್ಳುವಾಗ ನಾನು ಮೊದಲು ನೋಡುವುದು ಅದು ಹೇಗೆ ಕೆಡುತ್ತದೆ ಎಂಬುದನ್ನು

ಅಕ್ವೇರಿಯಂ ನಿರ್ವಹಣೆ ನನ್ನ ಹೊಟ್ಟೆಪಾಡು. ಆಫೀಸು, ಕ್ಲಿನಿಕ್ಕು, ಮನೆಗಳ ಟ್ಯಾಂಕ್ ತೊಳೆಯುವುದು, ನೀರು ಬದಲಿಸುವುದು, ಕೆಟ್ಟ ಉಪಕರಣ ತೆಗೆದು ಹೊಸದು ಕೂರಿಸುವುದು ನನ್ನ ಕೆಲಸ. ಹೊಸದಾಗಿ ಟ್ಯಾಂಕ್ ಇಟ್ಟವರು ಹೀಟರ್ ಬಗ್ಗೆ ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: "ಯಾವುದು ಟೆಂಪರೇಚರ್ ಕರೆಕ್ಟಾಗಿ ಹಿಡಿಯುತ್ತೆ?" ಅರ್ಧ ಡಿಗ್ರಿ ಆಚೀಚೆ ಆದರೆ ಮೀನು ಲೆಕ್ಕಕ್ಕೇ ಇಡುವುದಿಲ್ಲ. ನಾನು ಕೇಳಿಕೊಳ್ಳುವುದು, ಕೆಟ್ಟ ದಿನ ಇದು ಆನ್ ಆಗಿಯೇ ಉಳಿಯುತ್ತದೋ ಆಫ್ ಆಗುತ್ತದೋ ಎಂದು.

ಗಾಜಿನ ಕೊಳವೆಯ ಸಾಮಾನ್ಯ ಹೀಟರುಗಳಲ್ಲಿ ಬೈಮೆಟಲ್ ಪಟ್ಟಿ ಇರುತ್ತದೆ. ಎರಡು ಲೋಹ ಬೆಸೆದ ಪಟ್ಟಿ ಬಿಸಿಯಾದರೆ ಬಾಗಿ ಕರೆಂಟ್ ಕಡಿಯುತ್ತದೆ, ತಣ್ಣಗಾದರೆ ಮತ್ತೆ ಕೂಡಿಸುತ್ತದೆ. ಪ್ರತಿ ಸಲ ಕಡಿಯುವಾಗಲೂ ಸಣ್ಣದೊಂದು ಕಿಡಿ ಹಾರುತ್ತದೆ, ಕಾಂಟ್ಯಾಕ್ಟಿನ ತುದಿ ಸುಟ್ಟು ಒರಟಾಗುತ್ತಾ ಹೋಗುತ್ತದೆ, ಒಂದು ದಿನ ಎರಡೂ ತುದಿ ಅಂಟಿಕೊಂಡುಬಿಡುತ್ತವೆ. ಅಲ್ಲಿಂದ ಮುಂದೆ ಡಯಲ್‌ನಲ್ಲಿ ಎಷ್ಟಿಟ್ಟರೂ ಒಂದೇ, ಹೀಟರ್ ಆಫ್ ಆಗುವುದಿಲ್ಲ. ದುಬಾರಿ ಹೀಟರಿನಲ್ಲಿ ಈ ದಿನ ತಡವಾಗಿ ಬರಬಹುದು. ಬರುವುದೇ ಇಲ್ಲ ಎಂದು ನಂಬಿ ನಾನು ಯಾರಿಗೂ ಕೂರಿಸಿಕೊಡುವುದಿಲ್ಲ.

ಎಲಿಮೆಂಟ್ (ಬಿಸಿಯಾಗುವ ತಂತಿ) ಸುಟ್ಟು ಹೀಟರ್ ಸತ್ತರೆ ನೀರು ನಿಧಾನವಾಗಿ ತಣಿಯುತ್ತದೆ, ಮೀನು ಮಂಕಾಗುತ್ತದೆ, ಯಾರಾದರೂ ಗಮನಿಸುವಷ್ಟು ಸಮಯ ಇರುತ್ತದೆ. ಬಿಸಿ ಏರುವುದು ಹಾಗಲ್ಲ. 25 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು, 30 ಡಿಗ್ರಿಯಲ್ಲಿ ಅದು 7.6ರ ಆಸುಪಾಸಿಗೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿನ ಮೈಗೆ ಆಮ್ಲಜನಕ ಹೆಚ್ಚು ಬೇಕಾಗುತ್ತದೆ. ಅದಕ್ಕೇ ಬಿಸಿಯಾದ ಟ್ಯಾಂಕಿನ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿರುತ್ತವೆ.

ಹಾಗಾಗಿ ವ್ಯಾಟ್ ಲೆಕ್ಕವನ್ನು ನಾನು ಹೀಗೆ ಹಾಕುತ್ತೇನೆ. 200 ಲೀಟರಿನ ಟ್ಯಾಂಕ್, ಕೋಣೆ 21 ಡಿಗ್ರಿ, ನೀರು 26ರಲ್ಲಿರಬೇಕು. ಆ 5 ಡಿಗ್ರಿ ವ್ಯತ್ಯಾಸ ಕಾಯ್ದುಕೊಳ್ಳಲು ಸರಾಸರಿ 100 ವ್ಯಾಟ್ ಸಾಕಾಗುತ್ತಿದೆ ಎಂದುಕೊಳ್ಳಿ, ಅಂದರೆ ಡಿಗ್ರಿಗೆ 20 ವ್ಯಾಟ್. ಇಲ್ಲಿ 300 ವ್ಯಾಟಿನ ಒಂದೇ ಹೀಟರ್ ಹಾಕಿ ಅದು ಅಂಟಿಕೊಂಡರೆ ನೀರು ಕೋಣೆಗಿಂತ 15 ಡಿಗ್ರಿ ಮೇಲಕ್ಕೆ, ಅಂದರೆ 36ರ ಕಡೆಗೆ ಹೊರಡುತ್ತದೆ. ರಾತ್ರಿ ಮಲಗಿ ಏಳುವ 8 ಗಂಟೆಗಳ ಅವಧಿಯಲ್ಲೇ 31 ಮುಟ್ಟಬಹುದು. ಅದೇ ಜಾಗದಲ್ಲಿ 150 ವ್ಯಾಟಿನ ಎರಡು ಹೀಟರ್ ಇದ್ದು ಒಂದು ಅಂಟಿಕೊಂಡರೆ, ಇನ್ನೊಂದು ತಾನಾಗಿ ಆಫ್ ಆಗುತ್ತದೆ, ನೀರು ಎಷ್ಟೇ ಹೊತ್ತು ಬಿಟ್ಟರೂ 28.5ರ ಸುತ್ತಮುತ್ತ ನಿಲ್ಲುತ್ತದೆ. ಇದು ಒರಟು ಲೆಕ್ಕ. ನೀರು ಬಿಸಿಯಾದಷ್ಟೂ ಆವಿಯಾಗುವುದೂ ಹೆಚ್ಚುವುದರಿಂದ ನಿಜವಾದ ಅಂಕಿ ಸ್ವಲ್ಪ ಕಡಿಮೆಯೇ ಇರುತ್ತದೆ. ಆದರೂ ದೊಡ್ಡ ಹೀಟರ್ ಒಂದರ ಬದಲು ಸಣ್ಣವು ಎರಡು ಹಾಕಿ ಎಂದು ನಾನು ಹಟ ಹಿಡಿಯುವುದು ಈ ಲೆಕ್ಕದ ಮೇಲೆಯೇ. ಒಂದು ಸತ್ತರೂ ಇನ್ನೊಂದು ಟ್ಯಾಂಕನ್ನು ತೀರಾ ತಣಿಯಲು ಬಿಡುವುದಿಲ್ಲ.

ಲೀಟರಿಗೆ ಒಂದು ವ್ಯಾಟ್ ಎಂಬ ರೂಢಿಯ ಮಾತು ಶುರುಮಾಡಲು ಸಾಕು. ಕೋಣೆ ಎಷ್ಟು ತಣ್ಣಗಿದೆ, ಮುಚ್ಚಳ ಇದೆಯೋ ಇಲ್ಲವೋ ಎಂಬುದು ಅದಕ್ಕಿಂತ ಮುಖ್ಯ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 0.68 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್ಟೇ) ಶಾಖ ಹೊತ್ತುಕೊಂಡು ಹೋಗುತ್ತದೆ. ದಿನಕ್ಕೆ ಒಂದು ಲೀಟರ್ ಆರುವ ಟ್ಯಾಂಕಿನಲ್ಲಿ ಸುಮಾರು 28 ವ್ಯಾಟ್ ಹಗಲೂ ರಾತ್ರಿ ಅದಕ್ಕೇ ಖರ್ಚು. "ಇನ್ನೂ ದೊಡ್ಡ ಹೀಟರ್ ಹಾಕೋಣ್ವಾ?" ಎಂದವರಿಗೆ ನಾನು ಎಷ್ಟೋ ಸಲ ಗಾಜಿನ ಮುಚ್ಚಳ ಕತ್ತರಿಸಿ ತಂದುಕೊಟ್ಟಿದ್ದೇನೆ. ಗೋಲ್ಡ್ ಫಿಶ್ ಸಾಕಿದವರಿಗಂತೂ ಸಾಮಾನ್ಯವಾಗಿ ಹೀಟರೇ ಬೇಡ.

ಇನ್ನು ಕಂಟ್ರೋಲರ್, ಅಂದರೆ ನೀರಿಗೆ ಇಳಿಬಿಟ್ಟ ಪ್ರೋಬಿನಿಂದ (ವೈರಿನ ತುದಿಯ ಸೆನ್ಸರ್) ಟೆಂಪರೇಚರ್ ಅಳೆದು ಹೀಟರನ್ನು ಆನ್, ಆಫ್ ಮಾಡುವ ಪೆಟ್ಟಿಗೆ. ಹೊರಗಿನ ಕಂಟ್ರೋಲರ್ ಹಾಕಿದರೆ ಕರೆಂಟು ಎರಡು ಸ್ವಿಚ್ ದಾಟಿ ಎಲಿಮೆಂಟ್ ಮುಟ್ಟಬೇಕು: ಕಂಟ್ರೋಲರಿನ ರಿಲೇ (ಕರೆಂಟಿನಿಂದ ಓಡುವ ಸ್ವಿಚ್), ಹೀಟರಿನ ಒಳಗಿನ ಥರ್ಮೋಸ್ಟಾಟ್ (ಮೇಲೆ ಹೇಳಿದ ಬೈಮೆಟಲ್ ಸ್ವಿಚ್). ಎರಡೂ ಒಟ್ಟಿಗೆ ಅಂಟಿಕೊಂಡರೆ ಮಾತ್ರ ಅಪಾಯ. ಈ ಲಾಭವನ್ನು ಜನ ಕೈಯಾರೆ ಕಳೆದುಕೊಳ್ಳುತ್ತಾರೆ. "ಕಂಟ್ರೋಲರ್ ಇದೆಯಲ್ಲ, ಹೀಟರಿನ ಡಯಲ್ ಫುಲ್ ಇಟ್ಟುಬಿಡಿ" ಎಂಬ ಸಲಹೆ ಎಲ್ಲೆಲ್ಲೂ ಓಡಾಡುತ್ತಿದೆ. ಫುಲ್ ಅಂದರೆ ಹಲವು ಹೀಟರುಗಳಲ್ಲಿ 34 ಡಿಗ್ರಿ. ಅಲ್ಲಿಗೆ ಎರಡನೇ ಕಾವಲುಗಾರನನ್ನು ಮನೆಗೆ ಕಳಿಸಿದ ಹಾಗಾಯಿತು. ನಾನು ಮಾಡುವುದು ಇಷ್ಟು: ಮೊದಲು ಕಂಟ್ರೋಲರ್ ಇಲ್ಲದೆ ಹೀಟರ್ ಓಡಿಸಿ, ಥರ್ಮಾಮೀಟರ್ ನೋಡುತ್ತಾ, ನೀರು 27.5ರಲ್ಲಿ ನಿಲ್ಲುವ ತನಕ ಡಯಲ್ ಹೊಂದಿಸುತ್ತೇನೆ. ಡಯಲ್ ಮೇಲೆ ಬರೆದ ಅಂಕಿ ಒಂದೆರಡು ಡಿಗ್ರಿ ತಪ್ಪಿರುವುದು ಮಾಮೂಲು, ಅದನ್ನು ನಂಬಬಾರದು. ಆಮೇಲೆ ಕಂಟ್ರೋಲರನ್ನು 26ಕ್ಕೆ ಇಟ್ಟು ಹೀಟರನ್ನು ಅದಕ್ಕೆ ಚುಚ್ಚುತ್ತೇನೆ.

ಒಂದು ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಏಂಜೆಲ್ ಫಿಶ್ ಟ್ಯಾಂಕ್ ಇತ್ತು. ಬೇರೆ ಯಾರೋ ಕೂರಿಸಿದ್ದು. ಮೀನೆಲ್ಲ ಮೇಲೆ ಬಂದಿವೆ ಎಂದು ಫೋನ್ ಬಂತು. ಹೋಗಿ ಕೈ ಅದ್ದಿದರೆ ನೀರು ಬೆಚ್ಚಗಲ್ಲ, ಬಿಸಿ. "ಆದರೆ ಡಿಸ್‌ಪ್ಲೇನಲ್ಲಿ ಇಪ್ಪತ್ತೊಂದೇ ತೋರಿಸ್ತಿದೆಯಲ್ಲ ಸರ್" ಎಂದರು ರಿಸೆಪ್ಷನ್‌ನವರು. ತೋರಿಸುತ್ತಿದ್ದದ್ದು ನಿಜವೇ. ಪ್ರೋಬ್ ಹಿಡಿದಿದ್ದ ರಬ್ಬರ್ ಕಪ್ ಹಳತಾಗಿ ಗಡುಸಾಗಿ ಗಾಜಿನಿಂದ ಕಳಚಿಕೊಂಡು, ಪ್ರೋಬ್ ಟ್ಯಾಂಕಿನ ಹಿಂದೆ ಗಾಳಿಯಲ್ಲಿ ನೇತಾಡುತ್ತಿತ್ತು. ಕಂಟ್ರೋಲರ್ ಪ್ರಾಮಾಣಿಕವಾಗಿ ಏಸಿ ಹಾಕಿದ ಕೋಣೆಯನ್ನು ಅಳೆಯುತ್ತಾ, ಆ ಕೋಣೆಯನ್ನು 26ಕ್ಕೆ ತರಲು ಹೀಟರ್ ಉರಿಸುತ್ತಿತ್ತು. ಹೀಟರಿನ ಡಯಲ್ ಫುಲ್ಲಿಗೆ ತಿರುಗಿಸಿತ್ತು ಎಂದು ಬೇರೆ ಹೇಳಬೇಕಿಲ್ಲ. ಕಂಟ್ರೋಲರಿನಲ್ಲಿ ಒಂದೇ ಒಂದು ಭಾಗವೂ ಕೆಟ್ಟಿರಲಿಲ್ಲ. ಅಂದಿನಿಂದ ರಬ್ಬರ್ ಕಪ್ಪನ್ನು ಮಾತ್ರ ನಂಬಿ ಪ್ರೋಬ್ ಬಿಡುವುದಿಲ್ಲ, ವೈರನ್ನು ಟ್ಯಾಂಕಿನ ಅಂಚಿಗೆ ಕ್ಲಿಪ್ ಹಾಕಿ ಕಟ್ಟುತ್ತೇನೆ. ಕಂಟ್ರೋಲರಿಗೆ ಸಂಬಂಧವೇ ಇಲ್ಲದ ಬೇರೊಂದು ಥರ್ಮಾಮೀಟರ್ ಎದುರುಗಡೆ ಗಾಜಿನಲ್ಲಿ ಇದ್ದೇ ಇರುತ್ತದೆ.

ಪ್ರೋಬ್ ಎಲ್ಲಿಡಬೇಕು ಎಂಬುದೂ ಯೋಚಿಸಬೇಕಾದ ವಿಷಯ. ಹೀಟರಿನ ಪಕ್ಕದಲ್ಲಿಟ್ಟರೆ ಅದರ ಸುತ್ತಲಿನ ಬಿಸಿನೀರನ್ನೇ ಅಳೆದು ಬೇಗ ಆಫ್ ಮಾಡುತ್ತದೆ. ನೀರು ಹರಿಯುವ ಕಡೆ, ಹೀಟರಿನಿಂದ ದೂರ ಇರಲಿ. ಟ್ಯಾಂಕಿನ ಕೆಳಗಿಡುವ ಇನ್ನೊಂದು ತೊಟ್ಟಿಯಾದ ಸಂಪಿನಲ್ಲಿ ಹೀಟರ್ ಇದ್ದು ಪ್ರೋಬ್ ಮೇಲಿನ ಟ್ಯಾಂಕಿನಲ್ಲಿದ್ದರೆ ಪಂಪ್ ನಿಂತ ದಿನ ಸಂಪು ಕುದಿಯುತ್ತದೆ. ಅಂಥ ಕಡೆ ಎರಡೂ ಸಂಪಿನಲ್ಲೇ ಇರಬೇಕು.

ಅಗ್ಗದ ಕಂಟ್ರೋಲರುಗಳಲ್ಲಿ ಸಾಮಾನ್ಯವಾಗಿ ಎನ್‌ಟಿಸಿ ಪ್ರೋಬ್ (ಬಿಸಿ-ತಂಪಿಗೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವ ಸೆನ್ಸರ್) ಇರುತ್ತದೆ, 25 ಡಿಗ್ರಿಯಲ್ಲಿ 10 ಕಿಲೋಓಮ್‌ನದು ಹೆಚ್ಚು ಬಳಕೆಯಲ್ಲಿರುವುದು. ತಣ್ಣಗಾದಷ್ಟೂ ಅದರ ರೋಧ ಏರುತ್ತದೆ. ವೈರ್ ಕಡಿದುಹೋದರೆ ರೋಧ ಅಪರಿಮಿತ, ಅಂದರೆ ಕಂಟ್ರೋಲರಿನ ಲೆಕ್ಕದಲ್ಲಿ ಘೋರ ಚಳಿ. ಬುದ್ಧಿ ಇರುವ ಕಂಟ್ರೋಲರ್ ಇದನ್ನು ದೋಷವೆಂದು ಗುರುತಿಸಿ ಹೀಟರ್ ಆಫ್ ಮಾಡಿ ಕೂಗುತ್ತದೆ. ಬುದ್ಧಿ ಇಲ್ಲದ್ದು ಹೀಟರ್ ಆನ್ ಮಾಡುತ್ತದೆ. ಪೆಟ್ಟಿಗೆಯ ಮೇಲೆ ಇದನ್ನು ಬರೆದಿರುವುದು ಅಪರೂಪ.

ಮೆಕ್ಯಾನಿಕಲ್ ರಿಲೇ ಅಂಟಿಕೊಳ್ಳುತ್ತದೆ ಎಂದು ಹೆದರಿ ಸಾಲಿಡ್ ಸ್ಟೇಟ್ ರಿಲೇ (ಚಲಿಸುವ ಭಾಗವಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್) ಹುಡುಕುವವರಿದ್ದಾರೆ. ಅದರಲ್ಲಿ ಕಾಂಟ್ಯಾಕ್ಟ್ ಇಲ್ಲ ನಿಜ, ಆದರೆ ಅದು ಕೆಡುವಾಗ ಸಾಮಾನ್ಯವಾಗಿ ಶಾರ್ಟ್ ಆಗಿ, ಆನ್ ಸ್ಥಿತಿಯಲ್ಲೇ ಕೆಡುತ್ತದೆ. ನನ್ನ ಮಟ್ಟಿಗೆ ಒಳ್ಳೆಯ ಮೆಕ್ಯಾನಿಕಲ್ ರಿಲೇ ಸಾಕು, ಅದಕ್ಕೆ ಪುರುಸೊತ್ತು ಕೊಟ್ಟರಾಯಿತು. ಆನ್ ಮತ್ತು ಆಫ್ ನಡುವಿನ ಅಂತರವನ್ನು 0.1 ಡಿಗ್ರಿಗೆ ಇಟ್ಟರೆ ಅದು ದಿನವಿಡೀ ಟಿಕ್ ಟಿಕ್ ಎನ್ನುತ್ತಾ ಬೇಗ ಸವೆಯುತ್ತದೆ. ನಾನು 0.5 ಇಡುತ್ತೇನೆ. ಲೆಕ್ಕ ಹಾಕಿ ಶಾಖವನ್ನು ಸೂಕ್ಷ್ಮವಾಗಿ ಏರಿಳಿಸುವ ಪಿಐಡಿ ಕಂಟ್ರೋಲರೆಲ್ಲ ಇಷ್ಟು ನೀರಿಗೆ ಆಡಂಬರ.

ಹೀಟರಿನ ಕೆಂಪು ದೀಪ ಉರಿಯುತ್ತಿದೆ ಎಂದರೆ ಬಿಸಿಯಾಗುತ್ತಿದೆ ಎಂದಲ್ಲ. ಕೆಲವದರಲ್ಲಿ ಎಲಿಮೆಂಟ್ ಸುಟ್ಟಮೇಲೂ ದೀಪ ಉರಿಯುತ್ತದೆ. ಪ್ಲಗ್‌ಗೆ ಹಾಕುವ ವ್ಯಾಟ್ ಮೀಟರ್ ಇದನ್ನು ಕ್ಷಣದಲ್ಲಿ ಹೇಳುತ್ತದೆ. ನೀರು ಬದಲಿಸುವ ಮುಂಚೆ ಪ್ಲಗ್ ಕಿತ್ತು ಹದಿನೈದು ನಿಮಿಷ ಕಾಯಬೇಕು, ಇಲ್ಲದಿದ್ದರೆ ನೀರಿನಿಂದ ಹೊರಬಂದ ಗಾಜು ಕಾದು, ಹೊಸ ನೀರು ತಾಗಿದೊಡನೆ ಸೀಳುತ್ತದೆ. ಸೀಳಿದ ಹೀಟರ್ ಇರುವ ನೀರಿಗೆ ಕೈ ಹಾಕುವುದು ನಮ್ಮ ಕೆಲಸದಲ್ಲಿ ನಿಜಕ್ಕೂ ಜೀವ ಹೋಗುವ ಸಂಗತಿ. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಬ್ರೇಕರ್) ಇಲ್ಲದ ಸಾಕೆಟ್ಟಿಗೆ ನಾನು ಹೀಟರ್ ಚುಚ್ಚುವುದಿಲ್ಲ, ಗಿರಾಕಿ ಎಷ್ಟೇ ಅವಸರ ಮಾಡಲಿ.

ಹೊಸ ಕಂಟ್ರೋಲರ್ ಬಂದರೆ ಮೊದಲು ಬಕೆಟ್ಟಿನಲ್ಲಿ ಪರೀಕ್ಷೆ. ಪುಡಿ ಮಾಡಿದ ಐಸಿಗೆ ಸ್ವಲ್ಪ ನೀರು ಬೆರೆಸಿ ಪ್ರೋಬ್ ಅದ್ದಿದರೆ 0 ತೋರಿಸಬೇಕು. ಆಮೇಲೆ 37ರ ಹತ್ತಿರದ ಬೆಚ್ಚನೆ ನೀರಿನಲ್ಲಿ ಜ್ವರದ ಥರ್ಮಾಮೀಟರಿನ ಜೊತೆ ಹೋಲಿಸುತ್ತೇನೆ. ನಮಗೆ ಬೇಕಾದ 26 ಇವೆರಡರ ನಡುವೆ ಬರುತ್ತದೆ. ತಪ್ಪಿದಷ್ಟನ್ನು ಕ್ಯಾಲಿಬ್ರೇಶನ್ ಸೆಟ್ಟಿಂಗಿನಲ್ಲಿ ಸರಿಪಡಿಸಬಹುದು. ಮುಂದೆ ಮೇನ್ ಆಫ್ ಮಾಡಿ ಆನ್ ಮಾಡುತ್ತೇನೆ, ಕರೆಂಟು ಹೋಗಿ ಬಂದಾಗ ಸೆಟ್ಟಿಂಗ್ ಮರೆಯಬಾರದು. ಕೊನೆಗೆ ಹೀಟರ್ ಬದಲು ಒಂದು ಟೇಬಲ್ ಲ್ಯಾಂಪ್ ಜೋಡಿಸಿ, ಕಂಟ್ರೋಲರ್ ಓಡುತ್ತಿರುವಾಗಲೇ ಪ್ರೋಬಿನ ಪಿನ್ ಎಳೆಯುತ್ತೇನೆ. ಲ್ಯಾಂಪ್ ಆರಿ ಅಲಾರಂ ಕೂಗಿದರೆ ಅದು ಟ್ಯಾಂಕಿಗೆ ಹೋಗುತ್ತದೆ. ಲ್ಯಾಂಪ್ ಉರಿಯುತ್ತಲೇ ಇದ್ದರೆ ಪೆಟ್ಟಿಗೆಗೆ ಹಾಕಿ ವಾಪಸ್.