ಜೆರುಸಲೇಮಿನ ಶಿಲುಬೆಹಾದಿಯಲ್ಲಿ ಅಮ್ಮನ ಜೊತೆ

ಜೆರುಸಲೇಮಿನ ಹಳೇ ಊರಿನಲ್ಲಿ ಪ್ರತಿ ಶುಕ್ರವಾರ ಮಧ್ಯಾಹ್ನ ಫ್ರಾನ್ಸಿಸ್ಕನ್ ಸನ್ಯಾಸಿಗಳು ಶಿಲುಬೆಹಾದಿ, ಅಂದರೆ ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ನೆನೆಯುವ ಮೆರವಣಿಗೆ, ನಡೆಸುತ್ತಾರೆ. ಚಳಿಗಾಲದಲ್ಲಿ 3 ಗಂಟೆಗೆ, ಬೇಸಿಗೆಯಲ್ಲಿ 4ಕ್ಕೆ. ಶುರುವಾಗುವುದು ಸಿಂಹದ್ವಾರದ ಹತ್ತಿರದ ಒಂದು ಶಾಲೆಯ ಅಂಗಳದಿಂದ. ಯೇಸುಸ್ವಾಮಿಗೆ ರೋಮನ್ ಅಧಿಕಾರಿ ಪಿಲಾತ ಮರಣದಂಡನೆ ಕೊಟ್ಟ ಜಾಗ ಅದು ಅಂತ ಪರಂಪರೆಯ ನಂಬಿಕೆ. ಅಲ್ಲಿಂದ ಹದಿನಾಲ್ಕು ಕಡೆ ನಿಂತು, ಪ್ರಾರ್ಥನೆ ಮಾಡಿ, ಮುಂದೆ ಹೋಗಬೇಕು.

ಮೈಸೂರಿನಲ್ಲಿ ನಮ್ಮ ಅಮ್ಮ ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಒಂದು ಶುಕ್ರವಾರವನ್ನೂ ಬಿಡದೆ ಈ ಪ್ರಾರ್ಥನೆ ಮಾಡಿದವಳು. ಅಲ್ಲಿ ಚರ್ಚಿನ ಗೋಡೆಯ ಚಿತ್ರಗಳ ಮುಂದೆ ಒಂದೊಂದೇ ಹೆಜ್ಜೆ ಇಟ್ಟರೆ ಮುಗಿಯಿತು. ಇಲ್ಲಿ ಹಾಗಲ್ಲ. ಕಿರಿದಾದ ಕಲ್ಲಿನ ಬೀದಿ, ಎರಡೂ ಕಡೆ ಅಂಗಡಿ. ಸಾಂಬಾರ ಪದಾರ್ಥ, ಟಿ-ಶರ್ಟು, ಮುಳ್ಳಿನ ಕಿರೀಟ, ಎಲ್ಲ ಒಟ್ಟಿಗೆ ನೇತಾಡುತ್ತಿರುತ್ತದೆ. ತಳ್ಳುಗಾಡಿ ನೂಕಿಕೊಂಡು ಬರುವ ಹುಡುಗರು ಜನರನ್ನು ಸರಿಸುತ್ತಾ ಕೂಗುತ್ತಾರೆ. ಅಮ್ಮನಿಗೆ ಸಿಟ್ಟು ಬಂತು. "ಇದೇನೋ ಇದು, ದೇವರಾಜ ಮಾರ್ಕೆಟ್ ಥರ ಇದೆಯಲ್ಲೋ! ಇಲ್ಲಿ ಪ್ರಾರ್ಥನೆ ಮಾಡೋದು ಹೇಗೆ?"

ನನಗೆ ಮಾತ್ರ ಈ ಗಲಾಟೆಯೇ ಸರಿ ಅನ್ನಿಸಿತು. ಶಿಲುಬೆಗೇರಿಸುವುದು ರೋಮನ್ನರು ಗುಲಾಮರಿಗೆ, ದಂಗೆಕೋರರಿಗೆ ಕೊಡುತ್ತಿದ್ದ ಶಿಕ್ಷೆ. ಜನ ನೋಡಿ ಹೆದರಲಿ ಅಂತಲೇ ಬಟ್ಟೆ ಬಿಚ್ಚಿ, ಓಡಾಟ ಇರುವ ದಾರಿಯ ಪಕ್ಕ ನೇತುಹಾಕುತ್ತಿದ್ದರು. ಸಾವು ಬೇಗ ಬರುತ್ತಿರಲಿಲ್ಲ. ನೋವಿಗಿಂತ ಅವಮಾನವೇ ದೊಡ್ಡದು. ಅಂಥ ಒಂದು ಕೊಲೆಯ ಸಾಧನವನ್ನು ನಾವು ಸರದಲ್ಲಿ ಹಾಕಿಕೊಂಡು ಓಡಾಡುತ್ತೇವೆ. ಶಿಲುಬೆಗೇರಿದವನನ್ನು ದೇವರು ಅನ್ನುವುದು ಕೇಳುವವರಿಗೆ ಹುಚ್ಚುತನವಾಗಿ ಕಾಣುತ್ತದೆ ಅಂತ ಸಂತ ಪೌಲನೇ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ.

ಈ ದಾರಿಯೇ ನಿಜವಾದದ್ದಾ ಅನ್ನುವ ಪ್ರಶ್ನೆಯೂ ಇದೆ. ಪಿಲಾತ ಇಳಿದುಕೊಂಡಿದ್ದು ಊರಿನ ಪಶ್ಚಿಮಕ್ಕೆ, ಯಾಫಾ ಬಾಗಿಲ ಪಕ್ಕದ ಹೆರೋದನ ಅರಮನೆಯಲ್ಲಿ ಅಂತ ಈಗ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಹಾಗಿದ್ದರೆ ನಾವು ನಡೆಯುತ್ತಿರುವ ದಿಕ್ಕೇ ಬೇರೆ. ಯೇಸು ಮೂರು ಸಲ ಬಿದ್ದಿದ್ದು, ವೆರೋನಿಕ ಅನ್ನುವ ಹೆಂಗಸು ಅವನ ಮುಖ ಒರೆಸಿದ್ದು ಇವೂ ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಸುವಾರ್ತೆಗಳಲ್ಲಿ ಇಲ್ಲ. ಭಕ್ತರೇ ಶತಮಾನಗಳ ಕಾಲ ನಡೆದು ನಡೆದು ಕಟ್ಟಿಕೊಂಡ ದಾರಿ ಇದು. ನಾನು ಇದನ್ನೆಲ್ಲ ವಿವರಿಸಲು ಹೋದಾಗ ಅಮ್ಮ ಜಪಸರ ಎಣಿಸುತ್ತಾ ಮುಂದೆ ಹೋಗಿಬಿಟ್ಟಿದ್ದಳು.

ಐದನೇ ಸ್ಥಳದಲ್ಲಿ ನಾನು ನಿಂತೆ. ಬೀದಿ ಅಲ್ಲಿ ಬಲಕ್ಕೆ ತಿರುಗಿ ಏರು ಹಿಡಿಯುತ್ತದೆ. ಮೂಲೆಯ ಚಿಕ್ಕ ಪ್ರಾರ್ಥನಾಲಯದ ಗೋಡೆಯಲ್ಲಿ ಒಂದು ಕಲ್ಲು, ಅದರಲ್ಲಿ ಅಂಗೈ ಹಿಡಿಸುವಷ್ಟು ಗುಳಿ. ಯೇಸು ಆಯ ತಪ್ಪಿ ಕೈ ಊರಿದ ಗುರುತು ಅನ್ನುತ್ತಾರೆ. ಬಂದವರೆಲ್ಲ ಕೈ ಇಟ್ಟು ಇಟ್ಟು ಗುಳಿ ಎಣ್ಣೆ ಹಚ್ಚಿದ ಹಾಗೆ ನುಣ್ಣಗೆ, ಕಪ್ಪಗೆ ಆಗಿದೆ. ಶಿಲುಬೆ ಹೊರಲು ಸಿರೇನಿನ ಸಿಮೋನನನ್ನು ಸೈನಿಕರು ಹಿಡಿದದ್ದು ಇಲ್ಲೇ ಅಂತೆ. ಸಿರೇನ್ ಇದ್ದದ್ದು ಈಗಿನ ಲಿಬಿಯಾದಲ್ಲಿ. ಅವನು ಹಳ್ಳಿ ಕಡೆಯಿಂದ ಬರುತ್ತಿದ್ದ, ಅಷ್ಟೇ. ಶಿಷ್ಯನಲ್ಲ, ತಾನಾಗಿ ಮುಂದೆ ಬಂದವನೂ ಅಲ್ಲ. ಮೂರು ವರ್ಷ ಜೊತೆಗಿದ್ದ ಶಿಷ್ಯರು ಓಡಿಹೋದಾಗ, ಸುಮ್ನೆ ದಾರಿಯಲ್ಲಿ ಹೋಗುತ್ತಿದ್ದವನ ಹೆಗಲಿಗೆ ಬಿತ್ತು. ಸುವಾರ್ತೆ ಬರೆದ ಮಾರ್ಕನು ಅವನ ಮಕ್ಕಳ ಹೆಸರನ್ನೂ ಬರೆದಿದ್ದಾನೆ: ಅಲೆಕ್ಸಾಂಡರ್, ರೂಫ. ಓದುಗರಿಗೆ ಆ ಮಕ್ಕಳ ಪರಿಚಯ ಇದ್ದಿರಬೇಕು, ಇಲ್ಲದಿದ್ದರೆ ಹೆಸರು ಯಾಕೆ ಬೇಕಿತ್ತು? ದೊಡ್ಡ ಭಕ್ತಿ ಇಲ್ಲದ ನನಗೆ ಈ ಕಥೆಯಲ್ಲಿ ಯಾವತ್ತೂ ಹತ್ತಿರದವನು ಇವನೇ.

ಅಲ್ಲಿಂದ ಮುಂದಿನದು ಬರೀ ಮೆಟ್ಟಿಲು ಮತ್ತು ನೂಕುನುಗ್ಗಲು. ಕೊನೆಯ ಐದು ಸ್ಥಳಗಳು ಪವಿತ್ರ ಸಮಾಧಿಯ ಚರ್ಚಿನ ಒಳಗಿವೆ. ಕಾನ್‌ಸ್ಟಂಟೈನ್ ಚಕ್ರವರ್ತಿ ಕಟ್ಟಿಸಿದ ಮೊದಲ ಚರ್ಚು 335ರಲ್ಲಿ ಪ್ರತಿಷ್ಠೆಯಾಯಿತು. 1009ರಲ್ಲಿ ಖಲೀಫ ಅಲ್ ಹಕೀಮ್ ಅದನ್ನು ಕೆಡವಿಸಿದ. ಈಗಿರುವುದು ಬಹುಪಾಲು ಕ್ರುಸೇಡ್ ಅನ್ನುವ ಧರ್ಮಯುದ್ಧಕ್ಕೆ ಬಂದವರ ಕಾಲದ ಕಟ್ಟಡ. ಆರು ಪಂಗಡಗಳು ಒಳಗೆ ಮೂಲೆ ಮೂಲೆ ಹಂಚಿಕೊಂಡಿವೆ, ಬಾಗಿಲಿನ ಹೊಣೆ ಮಾತ್ರ ಎರಡು ಮುಸ್ಲಿಂ ಮನೆತನಗಳದ್ದು. ಹೊಸ್ತಿಲ ಮೇಲಿನ ಕಿಟಕಿಗೆ ಒಂದು ಮರದ ಏಣಿ ಒರಗಿದೆ. ಯಾರು ತೆಗೆಯಬೇಕು ಅನ್ನುವುದು ತೀರ್ಮಾನ ಆಗದೆ ಶತಮಾನಗಳಿಂದ ಅಲ್ಲೇ ಇದೆ. ಒಬ್ಬರನ್ನೊಬ್ಬರು ಪ್ರೀತಿಸಿ ಅಂದವನ ಮನೆ ಇದು, ಅಲ್ವಾ?

ಒಳಗೆ ಕಾಲಿಟ್ಟು ಬಲಕ್ಕೆ ತಿರುಗಿದರೆ ಕಡಿದಾದ ಮೆಟ್ಟಿಲು. ಮೇಲೆ ಗೊಲ್ಗೊಥಾ, ಯೇಸುವನ್ನು ಶಿಲುಬೆಗೇರಿಸಿದ ಜಾಗ. ಆ ಹೆಸರಿನ ಅರ್ಥವೇ ತಲೆಬುರುಡೆ. ಬೆಟ್ಟ ಅಂದುಕೊಂಡು ಹೋದರೆ ಬೆಟ್ಟ ಸಿಗುವುದಿಲ್ಲ. ಸುಮಾರು 5 ಮೀಟರ್ ಎತ್ತರದ ಬಂಡೆ, ಅದರ ಸುತ್ತ ಚರ್ಚು ಎದ್ದಿದೆ. ಅಮ್ಮ ಮಂಡಿ ಹಿಡಿದುಕೊಂಡು ಹತ್ತಿದಳು.

ಮೇಲೆ ಪಕ್ಕಪಕ್ಕದಲ್ಲೇ ಎರಡು ಬಲಿಪೀಠ. ಬಲಗಡೆಯದು ಕಥೋಲಿಕರದು. ಗೋಡೆಯಲ್ಲಿ ಯೇಸುವಿಗೆ ಮೊಳೆ ಹೊಡೆಯುತ್ತಿರುವ ಚಿತ್ರ, ಇನ್ನೊಂದು ಕಡೆ ಅಬ್ರಹಾಮ ಮಗ ಇಸಾಕನನ್ನು ಬಲಿಕೊಡಲು ಹೊರಟ ಚಿತ್ರ. ಮನುಷ್ಯರ ಪಾಪದ ಸಾಲವನ್ನು ಒಬ್ಬ ತನ್ನ ಪ್ರಾಣ ಕೊಟ್ಟು ತೀರಿಸಿದ ಅನ್ನುವ ಅರ್ಥ. ನಾವು ಧರ್ಮೋಪದೇಶದ ಕ್ಲಾಸಿನಲ್ಲಿ ಕಲಿತದ್ದು ಇದೇ. ಎಡಗಡೆಯದು ಗ್ರೀಕ್ ಆರ್ಥೊಡಾಕ್ಸಿನವರದು. ಅಲ್ಲಿ ದೀಪಗಳ ಗುಂಪು, ಬೆಳ್ಳಿ, ಬಂಗಾರ. ಅವರು ಈಸ್ಟರಿಗೆ ಹಾಡುವುದು, ಕ್ರಿಸ್ತ ಸತ್ತು ಸಾವನ್ನೇ ತುಳಿದ ಅಂತ. ಸಾಲದ ಲೆಕ್ಕಕ್ಕಿಂತ ಗೆಲುವಿನ ಮಾತು ಅಲ್ಲಿ ಜಾಸ್ತಿ. ಪೀಠದ ಕೆಳಗೆ ಬೆಳ್ಳಿಯ ಬಿಲ್ಲೆ, ನಡುವೆ ತೂತು. ಜನ ಮಂಡಿಯೂರಿ, ಪೀಠದಡಿ ತೂರಿ, ಒಳಗೆ ಕೈ ಹಾಕಿ ಬಂಡೆ ಮುಟ್ಟುತ್ತಾರೆ. ನಾನೂ ಮುಟ್ಟಿದೆ. ತಣ್ಣಗಿತ್ತು, ಒರಟಾಗಿತ್ತು. ಹಿಂದಿದ್ದವರು ಬೇಗ ಬೇಗ ಅಂದರು.

ಇದೇ ಬಂಡೆಯ ಬುಡದಲ್ಲಿ ಆದಾಮನ ಪ್ರಾರ್ಥನಾಲಯ ಇದೆ. ಗಾಜಿನ ಹಿಂದೆ ಬಂಡೆಯ ಬಿರುಕು ಕಾಣುತ್ತದೆ. ಆದಾಮನ ತಲೆಬುರುಡೆ ಇಲ್ಲೇ ಹೂತಿತ್ತು, ಯೇಸುವಿನ ರಕ್ತ ಬಿರುಕಿನಲ್ಲಿ ಇಳಿದು ಅದರ ಮೇಲೆ ಬಿತ್ತು ಅನ್ನುವುದು ಹಳೆಯ ಐತಿಹ್ಯ. ಮೊದಲ ಮನುಷ್ಯನವರೆಗೂ ಕ್ಷಮೆ ಮುಟ್ಟಿತು ಅಂತ ಹೇಳಲು ಇದಕ್ಕಿಂತ ಚೆನ್ನಾದ ಕಥೆ ಬೇಕಾ?

ಅಮ್ಮ ಎರಡು ಪೀಠಕ್ಕೂ ಹೋಗಿರಲಿಲ್ಲ. ಅವುಗಳ ನಡುವೆ ಇನ್ನೊಂದು ಚಿಕ್ಕದಿದೆ. 1778ರಲ್ಲಿ ಲಿಸ್ಬನ್ನಿನಿಂದ ಬಂದ ಮರಿಯಮ್ಮನವರ ಮೂರ್ತಿ, ಎದೆಗೆ ಕತ್ತಿ ಚುಚ್ಚಿದೆ. ಅದರ ಮುಂದೆ ನಿಂತುಬಿಟ್ಟಿದ್ದಳು. ಅಣ್ಣ ಹೋದ ಮೇಲೆ ಅಮ್ಮ ತುಂಬಾ ಕಾಲ ಚರ್ಚಿನ ಕಡೆ ತಲೆ ಹಾಕಿರಲಿಲ್ಲ. ದೇವರ ಚಿತ್ತ ಅಂತ ಸಮಾಧಾನ ಹೇಳಲು ಬಂದವರನ್ನು ಬಾಗಿಲಿಂದಲೇ ವಾಪಸ್ ಕಳಿಸಿದ್ದಳು.

"ಕತ್ತಿ ನೋಡೋ," ಅಂದಳು. "ಇವಳ ಕಣ್ಣೆದುರೇ ಆಯ್ತು. ನಂಗೆ ಫೋನಲ್ಲಿ ಗೊತ್ತಾಯ್ತು."

ನಾನೇನೂ ಹೇಳಲಿಲ್ಲ. ಶಿಲುಬೆಯ ಮೇಲೆ ಯೇಸು, ದೇವರೇ, ನನ್ನನ್ನು ಯಾಕೆ ಕೈಬಿಟ್ಟೆ ಅಂತ ಕೂಗಿದ್ದನ್ನು ಮಾರ್ಕ ಮತ್ತು ಮತ್ತಾಯ ಮುಚ್ಚಿಡದೆ ಬರೆದಿದ್ದಾರೆ. ಅಮ್ಮ ಆಗ ಅಡುಗೆಮನೆಯಲ್ಲಿ ಕೂತು ಕೇಳುತ್ತಿದ್ದದ್ದೂ ಅದನ್ನೇ. ಈ ಪ್ರಶ್ನೆಯನ್ನು ದೇವರ ಮಗನೇ ಕೇಳಿದ ಮೇಲೆ ಅದು ಕೇಳಬಾರದ ಪ್ರಶ್ನೆ ಅನ್ನುವ ಹಾಗಿಲ್ಲ. ಪಾಪದ ಸಾಲದ ಮಾತು ನನ್ನ ತಲೆಗೆ ಹತ್ತಿತ್ತು, ಮನಸ್ಸಿಗೆ ಹತ್ತಿರಲಿಲ್ಲ. ಇದು ಹತ್ತಿತು.

ಕೆಳಗಿಳಿದರೆ ಸಮಾಧಿಯೂ ಅದೇ ಸೂರಿನಡಿ, ಕೆಲವೇ ಹೆಜ್ಜೆ. ಅದಕ್ಕೇ ಆರ್ಥೊಡಾಕ್ಸಿನವರು ಈ ಚರ್ಚನ್ನು ಪುನರುತ್ಥಾನದ ಚರ್ಚು ಅನ್ನುವುದು. ಉದ್ದನೆಯ ಸಾಲು. ಒಳಗೆ ಸಿಕ್ಕಿದ್ದು ಅರೆಗಳಿಗೆ.

ಮರುದಿನ ದಮಾಸ್ಕಸ್ ಬಾಗಿಲಿನ ಆಚೆಗಿರುವ ತೋಟದ ಸಮಾಧಿಗೆ ಹೋದೆವು. ಪಕ್ಕದ ಗುಡ್ಡ ತಲೆಬುರುಡೆಯ ಹಾಗೆ ಕಾಣುತ್ತದೆ ಅಂತ 19ನೇ ಶತಮಾನದಲ್ಲಿ ಬ್ರಿಟಿಷ್ ಜನರಲ್ ಗಾರ್ಡನ್ ಇದೇ ಗೊಲ್ಗೊಥಾ ಅಂದಿದ್ದ. ಅನೇಕ ಪ್ರೊಟೆಸ್ಟೆಂಟರಿಗೆ ಈ ಜಾಗ ಇಷ್ಟ. ಆದರೆ ಇಲ್ಲಿಯ ಸಮಾಧಿ ಯೇಸುವಿಗಿಂತ ಎಷ್ಟೋ ಶತಮಾನ ಹಳೆಯದು, ಸುವಾರ್ತೆಯಲ್ಲಿ ಯೇಸುವನ್ನು ಇಟ್ಟದ್ದು ಹೊಸ ಸಮಾಧಿಯಲ್ಲಿ ಅಂತಿದೆ, ಹಾಗಾಗಿ ನನ್ನ ಮತ ಹಳೇ ಚರ್ಚಿಗೇ. ತೋಟ ಮಾತ್ರ ಸೊಗಸಾಗಿದೆ. ನೆರಳು, ಬೆಂಚು. ಸಮಾಧಿಯ ಬಾಗಿಲ ಮೇಲೆ, ಆತ ಇಲ್ಲಿಲ್ಲ, ಎದ್ದಿದ್ದಾನೆ ಅಂತ ಬರೆದಿದೆ.

ಅಮ್ಮ ಒಂದು ಸುತ್ತು ಹಾಕಿ ಬಂದಳು. "ಎಲ್ಲಾ ಚೆನ್ನಾಗಿದೆ. ಮರಿಯಮ್ಮನವರು ಎಲ್ಲಿ?"

"ಪ್ರೊಟೆಸ್ಟೆಂಟರು ಮೂರ್ತಿ ಇಡಲ್ಲಮ್ಮ."

"ಹಾಗಿದ್ರೆ ಊಟ ಆದ್ಮೇಲೆ ನಿನ್ನೆಯ ಚರ್ಚಿಗೇ ಕರ್ಕೊಂಡ್ ಹೋಗು. ಮಂಡಿ ನೋವಿಗೆ ಮಾತ್ರೆ ತಗೊಂಡಿದೀನಿ."