ಸೂರ್ಯಕಾಂತಿ ಸೀಸನ್ನಿಗೆ ಒಂದೆಕರೆ ಪಾರ್ಕಿಂಗ್: ಗುಂಡ್ಲುಪೇಟೆ ಕಡೆಯ ಕೆಲಸದ ಟಿಪ್ಪಣಿ

ಏಪ್ರಿಲ್ ಕೊನೆ: ಜಾಗ

ಸೂರ್ಯಕಾಂತಿ ಹೂ ನೋಡಲು ನಿಲ್ಲುವ ಕಾರುಗಳಿಗೆ ಹೊಲದಲ್ಲಿ ಪಾರ್ಕಿಂಗ್ ಮಾಡಿದ ಲೆಕ್ಕ ಇದು. ಗುಂಡ್ಲುಪೇಟೆಯಿಂದ ಹಂಗಳದ ಮೇಲೆ ಬಂಡೀಪುರಕ್ಕೆ ಹೋಗುವ ಹೆದ್ದಾರಿ 181 ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿದೆ. ಮುಂದಿನ ಲೆಕ್ಕವೆಲ್ಲ ಇದರ ಮೇಲೇ. ಸೂರ್ಯಕಾಂತಿ ಮೊಗ್ಗಿದ್ದಾಗ ಸೂರ್ಯನ ಜತೆ ತಿರುಗುತ್ತದೆ. ಹೂ ಬಿಚ್ಚಿ ಬಲಿತ ಮೇಲೆ ಮುಖ ಪೂರ್ವಕ್ಕೇ ನಿಂತುಬಿಡುತ್ತದೆ. ಹಾಗಾಗಿ ರಸ್ತೆಯ ಪಡುವಣ ಹೊಲದ ಹೂ ರಸ್ತೆಯನ್ನು ನೋಡುತ್ತದೆ, ಮೂಡಣ ಹೊಲದ್ದು ಬೆನ್ನು ತೋರಿಸುತ್ತದೆ. ಕಾರುಗಳು ಎಲ್ಲಿ ಗಕ್ಕನೆ ಬ್ರೇಕ್ ಹಾಕುತ್ತವೆ ಎಂದು ಬಿತ್ತನೆ ದಿನವೇ ಹೇಳಬಹುದು. ಪಾರ್ಕಿಂಗೂ ಪಡುವಣ ಬದಿಯಲ್ಲೇ ಇರಬೇಕು. ಆಚೆ ಬದಿ ಕೊಟ್ಟರೆ ಮಕ್ಕಳನ್ನು ಎತ್ತಿಕೊಂಡು ಜನ ಹೆದ್ದಾರಿ ದಾಟುತ್ತಾರೆ.

ಆರಿಸಿದ್ದು ಹೂವಿನ ಹೊಲಗಳ ನಡುವೆ ಬೀಳು ಬಿಟ್ಟಿದ್ದ ಒಂದೆಕರೆ ಕೆಬ್ಬೆ (ಕೆಂಪು ಮಣ್ಣಿನ) ಭೂಮಿ. ಎರೆ (ಕಪ್ಪು ಮಣ್ಣಿನ) ಭೂಮಿ ಬೇಡವೇ ಬೇಡ. ಒಂದು ತುಂತುರು ಬಿದ್ದರೆ ಚಕ್ರಕ್ಕೆ ಮೆತ್ತಿಕೊಂಡು ಮಡ್‌ಗಾರ್ಡ್ ತನಕ ತುಂಬುತ್ತದೆ. ಒಂದು ಹೊಲದ ಹೂ ನೋಡುವಂತಿರುವುದು ಎರಡು ವಾರ, ಹೆಚ್ಚೆಂದರೆ ಇನ್ನೊಂದೆರಡು ದಿನ. ಆದರೆ ಅಕ್ಕಪಕ್ಕದವರು ಮಳೆ ನೋಡಿ ಮುಂದೆ ಹಿಂದೆ ಬಿತ್ತಿರುತ್ತಾರೆ. ಒಂದೇ ಹೊಲಕ್ಕೆ ಅಂಟಿಕೊಳ್ಳದೆ ನಾಲ್ಕು ಹೊಲಕ್ಕೂ ನಡೆದು ಹೋಗುವಂಥ ಜಾಗ ಹಿಡಿದರೆ ಜೂನ್‌ನಿಂದ ಆಗಸ್ಟ್‌ವರೆಗೂ ಕೆಲಸಕ್ಕೆ ಬರುತ್ತದೆ.

ಕಾರಿಗೆ 2.5 ಮೀಟರ್ ಅಗಲ, 5 ಮೀಟರ್ ಉದ್ದ, ಎರಡು ಸಾಲಿನ ನಡುವೆ 6 ಮೀಟರ್ ದಾರಿ. ಕಾಗದದ ಮೇಲೆ ಗುಂಟೆಗೆ 5 ಕಾರು ಹಿಡಿಯುತ್ತದೆ. ಗೆರೆಯಿಲ್ಲದ ಹೊಲದಲ್ಲಿ 3 ಹಿಡಿದರೆ ಪುಣ್ಯ. ಬಸ್ಸು, ಟೆಂಪೋ ಟ್ರಾವೆಲರ್, ಬೈಕು, ಒಳದಾರಿ ಎಂದು 12 ಗುಂಟೆ ತೆಗೆದರೆ ಉಳಿದ 28ರಲ್ಲಿ 84 ಕಾರು.

ಮೇ ಎರಡನೇ ವಾರ: ಬಾಯಿ

ಜಾಗ ಸಾಲದೆ ಜಾಮ್ ಆಗುವುದಕ್ಕಿಂತ ಹೊಲದ ಬಾಯಿ, ಅಂದರೆ ಕಾರು ಒಳಗೆ ಹೊರಗೆ ಹೋಗುವ ಜಾಗ, ಇಕ್ಕಟ್ಟಾಗಿ ಜಾಮ್ ಆಗುವುದೇ ಹೆಚ್ಚು. ಕೇರಳದಿಂದ ಹೆದ್ದಾರಿ 766ರಲ್ಲಿ ಗುಂಡ್ಲುಪೇಟೆಗೆ ಬಂದು ಇತ್ತ ತಿರುಗುವವರು, ಮೈಸೂರಿನವರು, ಎಲ್ಲ ಬಡಗಣದಿಂದ ಬರುತ್ತಾರೆ. ಅವರಿಗೆ ಪಡುವಣ ಹೊಲ ಬಲಕ್ಕೆ ಸಿಗುತ್ತದೆ. ಬಲಕ್ಕೆ ತಿರುಗಲು ಒಬ್ಬ ನಿಂತರೆ ಹಿಂದೆ ಹತ್ತು ಕಾರು. ಹೆದ್ದಾರಿಗೇ ನೇರ ಬಾಯಿ ತೆಗೆಯಲು ಅನುಮತಿ ಬೇಕು. ಸಿಕ್ಕರೂ ಇಲ್ಲಿ ಅದು ತಪ್ಪು ಜಾಗ. ಅದಕ್ಕೇ ಊರಿನ ಅಡ್ಡರಸ್ತೆ ಹಿಡಿದದ್ದು.

ಒಳಗೆ ಹೋಗುವ ಬಾಯಿ ಹೆದ್ದಾರಿಯಿಂದ 60 ಮೀಟರ್ ಒಳಗೆ, ಹೊರಬರುವ ಬಾಯಿ 20 ಮೀಟರಿನಲ್ಲಿ. ಇವೆರಡನ್ನು ಅದಲುಬದಲು ಮಾಡಬೇಡಿ. ಹೀಗಿದ್ದರೆ ಸಾಲು ನಿಂತ ಹತ್ತು ಕಾರು ಅಡ್ಡರಸ್ತೆಯಲ್ಲೇ ನಿಲ್ಲುತ್ತವೆ, ಹೋಗುವವರೂ ಬರುವವರೂ ಎದುರಾಗುವುದು ಮೊದಲ 20 ಮೀಟರಿನಲ್ಲಿ ಮಾತ್ರ. ಅಷ್ಟು ಉದ್ದಕ್ಕೆ ರಸ್ತೆಯ ಪಕ್ಕ 2 ಮೀಟರ್ ಅಗಲಿಸಿ 15 ಸೆಂ.ಮೀ. ಗ್ರಾವೆಲ್: ಅದುಮಿದ ಮೇಲಿನ ಲೆಕ್ಕ 6 ಘನ ಮೀಟರ್, ಅಂದರೆ 212 ಘನ ಅಡಿ. ಅದುಮಿದಾಗ ಕುಗ್ಗುವುದನ್ನೂ ಸೇರಿಸಿ 100 ಘನ ಅಡಿಯ ಟ್ರ್ಯಾಕ್ಟರ್ ಲೋಡು 3. ಎರಡು ಬಾಯಿಗಳಿಗೆ ಎರಡೆರಡು. ಒಟ್ಟು 7.

ಚರಂಡಿ ದಾಟಲು 2.5 ಮೀಟರ್ ಉದ್ದದ ಸಿಮೆಂಟ್ ಪೈಪು: ಒಳಬಾಯಿಗೆ 3, ಹೊರಬಾಯಿಗೆ 2. ಪೈಪಿನ ಕೆಳಗೆ ಅರ್ಧ ಅಡಿ ಮರಳಿನ ಹಾಸು, ಮೇಲೆ ಒಂದೂವರೆ ಅಡಿ ಗ್ರಾವೆಲ್. ಬರೀ ಮಣ್ಣಿನ ಮೇಲಿಟ್ಟು ಮುಚ್ಚಿದ ಪೈಪು ಮೊದಲ ಟೆಂಪೋಗೇ ಜಾಯಿಂಟಿನಲ್ಲಿ ಬಾಯಿ ಬಿಡುತ್ತದೆ.

ಮೇ ಕೊನೆ: ಸಾಲು

ಕೂಳೆಯನ್ನು ನೆಲಮಟ್ಟಕ್ಕೆ ಕಡಿಸಬೇಕು. ಹತ್ತಿಕಡ್ಡಿಯ ಕೂಳೆ ಟೈರಿನ ಪಕ್ಕಕ್ಕೆ ಚುಚ್ಚುತ್ತದೆ, ಅಲ್ಲಿ ಆದ ತೂತಿಗೆ ಪಂಚರ್ ತೇಪೆ ನಿಲ್ಲುವುದಿಲ್ಲ. ಬೇಲಿಯಿಂದ ಉದುರಿದ ಜಾಲಿ ಮುಳ್ಳನ್ನು ಕುಂಟೆ ಹೊಡೆದು ತೆಗೆಯಲಾಗದು, ಗುಡಿಸಿಯೇ ತೆಗೆಯಬೇಕು. ಕುಂಟೆ ಹೊಡೆದರೆ ಮಣ್ಣು ಸಡಿಲವಾಗಿ ಕಾರು ಹೂತುಕೊಳ್ಳುತ್ತದೆ; ಪಾರ್ಕಿಂಗ್ ಹೊಲಕ್ಕೆ ಸೀಸನ್ ಮುಗಿಯುವ ತನಕ ಉಳುಮೆ ಇಲ್ಲ.

ಸುಣ್ಣದ ಗೆರೆ ಎರಡು ಸೋನೆಗೆ ಅಳಿದುಹೋಗುತ್ತದೆ. ತೆಂಗಿನ ಹಗ್ಗ ಎಳೆದು, ಎರಡೂವರೆ ಮೀಟರಿಗೊಂದು ಕೆಂಪು ಬಟ್ಟೆ ಕಟ್ಟಿದರೆ ಸಾಕು. ಕಾರಿನ ಮೂತಿ ಏರಿನ ಕಡೆಗಿರಲಿ. ಹೊರಡುವಾಗ ರಿವರ್ಸ್ ಹಾಕಿದರೆ ಇಳಿಜಾರೇ ಎಳೆದುಕೊಳ್ಳುತ್ತದೆ, ಒದ್ದೆಯಲ್ಲಿ ಚಕ್ರ ಸುತ್ತುವುದಿಲ್ಲ. ಬಸ್ಸಿಗೆ ಹೊರಬಾಯಿಯ ಪಕ್ಕವೇ ಉದ್ದ ಪಟ್ಟಿ. ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆ ಹೊರಡಬೇಕು, ಹಿಂದಕ್ಕೆ ತೆಗೆಯುವ ಮಾತೇ ಇರಬಾರದು.

ಬೈಕಿನ ಸೈಡ್ ಸ್ಟ್ಯಾಂಡ್ ಹಸಿ ಮಣ್ಣಿಗೆ ನಿಧಾನವಾಗಿ ಇಳಿಯುತ್ತದೆ. ನಿಲ್ಲಿಸಿದಾಗ ಗಟ್ಟಿಯಾಗೇ ಇರುತ್ತದೆ, ಅರ್ಧ ಗಂಟೆಗೆ ಒಂದು ವಾಲಿ ಪಕ್ಕದ್ದರ ಮೇಲೆ, ಅದು ಇನ್ನೊಂದರ ಮೇಲೆ. ಹಳೇ ಹಂಚಿನ ಚೂರು ಒಂದು ಬುಟ್ಟಿ ಅಲ್ಲೇ ಇರಲಿ; ಸ್ಟ್ಯಾಂಡಿನಡಿ ಇಟ್ಟರೆ ಮುಗಿಯಿತು.

ಜೂನ್ ಮೂರನೇ ಭಾನುವಾರ: ಮೊದಲ ದಟ್ಟಣೆ

ಮೊದಲ ತಪ್ಪು, ದುಡ್ಡನ್ನು ಒಳಬಾಯಲ್ಲೇ ಕೇಳಿದ್ದು. ಒಂದು ಕಾರಿಗೆ 20 ಸೆಕೆಂಡ್ ಆದರೆ ಗಂಟೆಗೆ 180 ಕಾರು ಒಳಗೆ ಹೋಗುತ್ತವೆ. ಫೋನಿನಲ್ಲಿ ನೆಟ್‌ವರ್ಕ್ ಸುತ್ತುತ್ತ ನಿಂತು 40 ಸೆಕೆಂಡ್ ಆದರೆ 90. ಹತ್ತು ಕಾರಿನ ಸಾಲು ತುಂಬಿ ಹೆದ್ದಾರಿಗೆ ಬಾಲ ಚಾಚುವುದು ಅಲ್ಲೇ. ಈಗ ಒಳಬಾಯಲ್ಲಿ ಕೈ ತೋರಿಸುವವನು ಮಾತ್ರ. ಕಾರು ನಿಂತು ಬಾಗಿಲು ತೆರೆದ ಮೇಲೆ ಚೀಟಿ ಕೊಟ್ಟು 50 ರೂಪಾಯಿ. 40 ಎಂದಿಟ್ಟರೆ ದಿನವಿಡೀ ಹತ್ತರ ಚಿಲ್ಲರೆ ಹುಡುಕುವ ಕೆಲಸ.

ಎರಡನೆಯದು ಬೋರ್ಡು. ಗಂಟೆಗೆ 60 ಕಿ.ಮೀ. ವೇಗದಲ್ಲಿ 200 ಮೀಟರ್ ಕಳೆಯಲು 12 ಸೆಕೆಂಡ್. ತಿರುವಿಗೆ 50 ಮೀಟರ್ ಮೊದಲು ಒಂದೇ ಬೋರ್ಡಿದ್ದರೆ ಓದುವಷ್ಟರಲ್ಲಿ ತಿರುವು ಕಳೆದಿರುತ್ತದೆ, ಆಮೇಲೆ ಹೆದ್ದಾರಿಯಲ್ಲೇ ರಿವರ್ಸ್. 200ಕ್ಕೊಂದು, 50ಕ್ಕೊಂದು, ಎರಡೂ ನಮ್ಮ ಜಮೀನಿನೊಳಗೇ. ಕನ್ನಡದ ಜತೆ ಮಲಯಾಳ, ತಮಿಳು. ಅಕ್ಷರ ಒಂದಡಿ ಎತ್ತರ.

ಜುಲೈ: ಹೊತ್ತು, ಓಣಿ, ಹೂವು

ಬಂಡೀಪುರದ ರಾತ್ರಿ ಸಂಚಾರ ನಿಷೇಧ 2009ರಿಂದ ಇದೆ, ರಾತ್ರಿ 9ರಿಂದ ಬೆಳಿಗ್ಗೆ 6. ಇದೇ ಇಲ್ಲಿನ ಗಡಿಯಾರ. ಗೇಟ್ ತೆರೆದು ಕಾಡು ದಾಟಿದವರು ಬೆಳಗಿನ ಬಿಸಿಲಿಗೇ ಹೊಲದಲ್ಲಿರುತ್ತಾರೆ. ಹೂವಿನ ಮುಖಕ್ಕೂ ಆಗಲೇ ಬೆಳಕು. ಡೇರಿಗೆ ಹಾಲು ಹೋಗುವ ಹೊತ್ತೂ ಅದೇ. ಸಂಜೆಯಾದಂತೆ ಎಲ್ಲರಿಗೂ ಒಟ್ಟಿಗೆ ಅವಸರ, ಗೋಪಾಲಸ್ವಾಮಿ ಬೆಟ್ಟದಿಂದ ಇಳಿದವರೂ ಸೇರಿಕೊಳ್ಳುತ್ತಾರೆ. ಸಂಜೆ 5ರ ಮೇಲೆ ಒಳಬಾಯಿಯ ಆಳನ್ನೂ ಹೊರಬಾಯಿಗೆ ಹಾಕಬೇಕು. ಗುಂಡ್ಲುಪೇಟೆಗೆ ಬಲಕ್ಕೋ ಎಡಕ್ಕೋ ಎಂಬ ಗೊಂದಲ ಇಲ್ಲಿ ದಿನಾ ಇದೆ. ಹೊರಬಾಯಲ್ಲೇ ಎರಡು ಬಾಣದ ಬೋರ್ಡು ಹಾಕಿದ ಮೇಲೆ ಕಮ್ಮಿಯಾಯಿತು.

ಓಣಿಯ ಬಾಯಿಗೆ ಕಾರು ನಿಲ್ಲಿಸುವುದು ಊರಿನ ದೊಡ್ಡ ತಕರಾರು. "ಐದೇ ನಿಮಿಷ ಅಣ್ಣ" ಎಂದವರು ಮುಕ್ಕಾಲು ಗಂಟೆ ಹೂವಿನಲ್ಲಿ, ಇತ್ತ ಟ್ರ್ಯಾಕ್ಟರು ಆಫ್. ಹತ್ತಡಿ ಓಣಿಗೆ ಅಡ್ಡ ಬಿದಿರು, ಒಂದು ತುದಿಗೆ ಕಲ್ಲು ಕಟ್ಟಿ ಎತ್ತುವ ಹಾಗೆ. ಬೀಗ ಹಾಕಿದರೆ ರೈತನೇ ಪರದಾಡುತ್ತಾನೆ.

ಹೊಲದೊಳಗೆ ನುಗ್ಗುವುದನ್ನು ತಡೆಯುವ ಬದಲು ದಾರಿ ಕೊಡುವುದು ಅಗ್ಗ. ಸಾಲಿಗೆ ಸಾಲು 60, ಗಿಡಕ್ಕೆ ಗಿಡ 30 ಸೆಂ.ಮೀ. ಅಂತರದಲ್ಲಿ ಒಂದು ಸಾಲು ಬಿತ್ತದೆ ಬಿಟ್ಟರೆ ನಾಲ್ಕಡಿ ದಾರಿ. 60 ಮೀಟರ್ ಉದ್ದಕ್ಕೆ 200 ಗಿಡ ಹೋಯಿತು. ಎಕರೆಗೆ 4 ಕ್ವಿಂಟಾಲ್ ಇಳುವರಿ ಹಿಡಿದರೂ ಅದು ಮೂರೂವರೆ ಕೆ.ಜಿ. ಕಾಳು. 2024-25ರ ಬೆಂಬಲ ಬೆಲೆ ಕ್ವಿಂಟಾಲಿಗೆ 7,280 ರೂಪಾಯಿಯಂತೆ ಸುಮಾರು 260 ರೂಪಾಯಿ, ಐದಾರು ಕಾರಿನ ಪಾರ್ಕಿಂಗ್ ದುಡ್ಡು. ಬಿಡದಿದ್ದರೆ ಜನ ತಾವೇ ದಾರಿ ಮಾಡಿಕೊಳ್ಳುತ್ತಾರೆ, ಅದು ನೇರ ಇರುವುದಿಲ್ಲ.

ಕಾರು ಹೂತರೆ ಆಕ್ಸಿಲರೇಟರ್ ಒತ್ತಿದಷ್ಟೂ ಗುಂಡಿ ಆಳ. ಚಕ್ರದ ಮುಂದೆ ಗೋಣಿಚೀಲ, ಆಗದಿದ್ದರೆ ಟ್ರ್ಯಾಕ್ಟರ್. ಹಗ್ಗವನ್ನು ಕಾರಿನ ಟೋ ಹುಕ್ಕಿಗೇ (ಎಳೆಯಲೆಂದೇ ಇರುವ ಕೊಂಡಿ) ಕಟ್ಟಿ, ಬಂಪರಿಗಲ್ಲ. ನೇರಕ್ಕೆ, ಲೋ ಗೇರಿನಲ್ಲಿ. ಹಗ್ಗದ ಹತ್ತಿರ ಯಾರೂ ನಿಲ್ಲಬಾರದು.

ಆಗಸ್ಟ್ ಕೊನೆ: ಬಿಚ್ಚುವುದು

ಹಗ್ಗ, ಗೂಟ, ಬೋರ್ಡು ಒಳಗೆ. ಗ್ರಾವೆಲ್ ಇದ್ದಲ್ಲೇ ಇರಲಿ. ಕಾರು ಓಡಾಡಿದ ದಾರಿಯಲ್ಲಿ ಮಣ್ಣು ಅಟ್ಟೆ ಕಟ್ಟಿದೆ, ಕಲ್ಟಿವೇಟರ್ ಮೇಲ್ಮೇಲೆ ಕೆರೆದು ಹೋಗುತ್ತದೆ. ನೇಗಿಲು ಹಾಕಿ ಒಂದಡಿ ಆಳ ಹೊರಳಿಸಬೇಕು, ಅದೂ ಹದ ನೋಡಿ. ಒದ್ದೆಯಲ್ಲಿ ಉತ್ತರೆ ಹೆಂಟೆ ಕಲ್ಲಾಗುತ್ತದೆ. ಪ್ಲಾಸ್ಟಿಕ್ ಬಾಟಲಿ ಆಯದೆ ನೇಗಿಲು ಇಳಿಸಬೇಡಿ. ಮುಂದಿನ ಬಿತ್ತನೆ ಹುರುಳಿ.

ಬಾಕಿ: ಒಳಬಾಯಿಯ ಮೂರನೇ ಪೈಪಿನ ತುದಿಗೆ ಕಲ್ಲು ಕಟ್ಟುವುದು. ಅಲ್ಲಿ ಮಣ್ಣು ಕೊಚ್ಚಿ ಪೈಪಿನ ಅಂಚು ಕಾಣಿಸಿಕೊಂಡಿದೆ.