ದಾರದಲ್ಲಿ ಹೆಣೆದ ಹವಳ

ಕ್ರೋಶಾದಲ್ಲಿ ಹೆಣೆದ ಹವಳದ ದಿಬ್ಬಗಳ ಫೋಟೋ ನೋಡುತ್ತಾ ಕೂತಿದ್ದೇನೆ, ಕಣ್ಣು ಕೀಳಲು ಮನಸ್ಸಾಗುತ್ತಿಲ್ಲ. ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ತ್‌ಹೈಮ್ ಅನ್ನೋ ಅವಳಿ ಅಕ್ಕತಂಗಿಯರು 2005ರಲ್ಲಿ ಶುರು ಮಾಡಿದ ಕೆಲಸ ಇದು, ಆಮೇಲೆ ಬೇರೆ ಬೇರೆ ದೇಶಗಳ ಸಾವಿರಾರು ಜನ, ಅದರಲ್ಲೂ ಹೆಂಗಸರೇ ಜಾಸ್ತಿ, ಕ್ರೋಶಾ ಕಡ್ಡಿ ಹಿಡಿದು ಸೇರಿಕೊಂಡರು. ಸಾಲಿಂದ ಸಾಲಿಗೆ ಹೆಣಿಗೆ ಹೆಚ್ಚಿಸುತ್ತಾ ಹೋದರೆ ಅದು ಸಪಾಟಾಗಿ ಕೂರುವುದಿಲ್ಲ, ಅಂಚೆಲ್ಲ ಸುರುಟಿಕೊಂಡು ನೆರಿಗೆ ನೆರಿಗೆಯಾಗುತ್ತದೆ. ಕೆಲವು ಹವಳಗಳ ಆಕಾರವೂ ಹೀಗೇ ಅಲ್ವಾ!

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಬಿಳಿ ದಿಬ್ಬ. ಹವಳ ಅನ್ನೋದು ಸಮುದ್ರದ ಜೀವಿ, ನೀರು ಬಿಸಿಯಾದಾಗ ಅದು ತನ್ನೊಳಗಿನ ಪಾಚಿಯನ್ನು ಹೊರಗೆ ಹಾಕುತ್ತದೆ. ಬಣ್ಣ ಕೊಡುವುದೂ ಆ ಪಾಚಿಯೇ, ಊಟ ಹಾಕುವುದೂ ಹೆಚ್ಚಾಗಿ ಅದೇ. ಅದು ಹೋದಮೇಲೆ ಹವಳ ಬಿಳುಚಿಕೊಳ್ಳುತ್ತದೆ, ಬಿಸಿ ಇಳಿಯದೇ ಇದ್ದರೆ ಹಸಿದು ಸಾಯುತ್ತದೆ. ಇದನ್ನೆಲ್ಲ ಎಷ್ಟೋ ಸಲ ಓದಿದ್ದೆ. ಆದರೆ ಯಾರೋ ಗಂಟೆಗಟ್ಟಲೆ ಕೂತು ಬರೀ ಬಿಳಿ ದಾರದಲ್ಲಿ ಒಂದೊಂದೇ ಮಡಿಕೆ ಹೆಣೆದದ್ದನ್ನು ನೋಡಿ ಆದ ಸಂಕಟ ಓದುವಾಗ ಆಗಿರಲಿಲ್ಲ. ಪ್ಲಾಸ್ಟಿಕ್ಕನ್ನೇ ಸೇರಿಸಿ ಹೆಣೆದ ಇನ್ನೊಂದು ದಿಬ್ಬವೂ ಇದೆ, ಅದನ್ನು ನೋಡಿದರೆ ಹೊಟ್ಟೆ ಕಿವುಚುತ್ತದೆ.

ನಿಮ್ಮಲ್ಲಿ ಕ್ರೋಶಾ ಗೊತ್ತಿರುವವರು ಇದ್ದರೆ ಹೇಳಿ, ನಾನೂ ಕಲಿಯಬೇಕು. ಮೊದಲು ಬಿಳಿ ದಾರದಲ್ಲೇ.